ಪೀಎಫ್ ಕಾಸಿಗಾಗಿ ಅವ್ವ ಹಾಸಿಗೆ ಹಿಡಿದ ಮಳೆಗಾಲ

ಉತ್ತಮಪಾಳ್ಯದ ಬಸ್ ನಿಲ್ದಾಣದ ಎದುರಿಗೆ ಹೊಸದಾಗಿ ಒಂದು ಫ್ಲೆಕ್ಸ್ ಅಂಗಡಿ ಬಂದಿದೆ. ಕಳೆದ ತಿಂಗಳು ನಮ್ಮೂರು ಕೊಂಬೈಯ ಬಸ್ಸಿಗೆ ಕಾಯುವಾಗ ಮಳೆ ಹಿಡಿಯಿತು, ಓಡಿಹೋಗಿ ಅದರ ಬಾಗಿಲಲ್ಲಿ ನಿಂತೆ. ಒಳಗೆ ಯಂತ್ರ ಅತ್ತಿಂದಿತ್ತ ಓಡಾಡುತ್ತ ಯಾರದೋ ಮುಖವನ್ನು ಹಣೆಯಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿ ಉಗುಳುತ್ತಿತ್ತು. ಆ ಬಣ್ಣಕ್ಕೆ ಸೀಮೆಎಣ್ಣೆಗೆ ಸಕ್ಕರೆ ಕಲಸಿದಂಥ ಒಂದು ವಾಸನೆ, ಹಲ್ಲಿನ ಸಂದಿಗೆ ಹೋಗಿ ಕೂರುತ್ತದೆ. ಮೂಗಿಗೆ ಬಿದ್ದದ್ದೇ ಮಳೆಯಲ್ಲೇ ಹೊರಗೆ ಬಂದು ನಿಂತೆ. ಅಂಗಡಿಯವನು, "ಸಾರ್, ನನೆಯಾದೀಂಗ, ಉಳ್ಳೆ ವಾಂಗ" ಎಂದು, ನೆನೆಯಬೇಡಿ ಒಳಗೆ ಬನ್ನಿ ಎಂದು, ತಮಿಳಿನಲ್ಲಿ ಕರೆದ. ನೆನೆದರೆ ನೆನೆಯಲಿ ಎಂದೆ. ಜನಕ್ಕೆ ಮಲ್ಲಿಗೆಯಿಂದ, ಹೊಸ ಅಕ್ಕಿಯಿಂದ ಹಳೆಯದು ನೆನಪಿಗೆ ಬರುತ್ತದಂತೆ. ನನಗೆ ಬರುವುದು ಈ ನಾತದಿಂದ, ಮತ್ತು ಆ ನೆನಪಿನಲ್ಲಿ ನನ್ನದೇ ಮುಖವಿದೆ, ಕರಿ ನಿಲುವಂಗಿ ತೊಟ್ಟು, ತಲೆಯ ಮೇಲೆ ಚೌಕದ ಟೋಪಿ ಇಟ್ಟುಕೊಂಡು.

ಆಂಡಿಪಟ್ಟಿ ರಸ್ತೆಯ ಒಂದು ನೂಲಿನ ಮಿಲ್ಲಿನಲ್ಲಿ ನಾನು ಸ್ಟೋರ್ಸ್ ಕ್ಲರ್ಕ್. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ. ಅಪ್ಪ ತೀರಿಕೊಂಡಾಗ ನಾನು ಹತ್ತನೇ ತರಗತಿ. ಆಮೇಲೆ ಓದಿಸಿದ್ದು ಅವ್ವ, ದಿನಾ ಬೆಳಗ್ಗೆ ಜೀಪಿನಲ್ಲಿ ಕೋಳಿಗಳ ಹಾಗೆ ತುಂಬಿಸಿಕೊಂಡು ಕೇರಳದ ಮಲೆಗೆ ಹತ್ತಿ, ಸಂಜೆಯವರೆಗೆ ಏಲಕ್ಕಿ ಬಿಡಿಸಿ ಇಳಿದು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ. ತಮಿಳುನಾಡಿನ ಈ ಮೂಲೆಯಲ್ಲಿ ನಮ್ಮ ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತ ಅಕ್ಷರ ತಮಿಳು. ಕನ್ನಡದ ಅಕ್ಷರ ಕಲಿತದ್ದು ಹಾವೇರಿ ಕಡೆಯಿಂದ ಮಿಲ್ಲಿಗೆ ಹತ್ತಿ ತರುತ್ತಿದ್ದ ಲಾರಿ ಡ್ರೈವರುಗಳಿಂದ. ನನ್ನ ಮಾತು ಕೇಳಿ ಅವರು, "ಏನ್ರೀ, ನಮ್ಮಜ್ಜಿಯ ಅಜ್ಜಿ ಮಾತಾಡಿದ ಹಾಗೆ ಮಾತಾಡ್ತೀರಲ್ಲ" ಎಂದು ನಗುತ್ತಿದ್ದರು. ನಕ್ಕರೂ ಕಲಿಸಿದರು.

ಆ ನೆನಪಿನ ವರ್ಷ, ಐದು ವರ್ಷದ ಹಿಂದೆ, ಮಿಲ್ಲು ಕುಂಟಿತು. ಹತ್ತಿಯ ಬೆಲೆ ಏರಿತು, ನೂಲು ಕೇಳುವವರಿಲ್ಲ. ಆಡಿ ತಿಂಗಳಲ್ಲಿ, ಅಂದರೆ ತಮಿಳರ ಆಷಾಢದಲ್ಲಿ, ಒಂದು ಪಾಳಿ ನಿಂತಿತು. ಮುಂದಿನ ತಿಂಗಳು, ಆವಣಿಯ ಹೊತ್ತಿಗೆ, ವಾರದಲ್ಲಿ ಮೂರು ದಿನ ಕೆಲಸ, ಅರ್ಧ ಸಂಬಳ. ಯಂತ್ರದ ಸದ್ದು ನಿಂತ ದಿನ ಮಿಲ್ಲಿನ ಆಚೆಯ ಗಾಳಿಮರಗಳ ಸದ್ದು ಕೇಳುತ್ತಿತ್ತು. ಅಷ್ಟು ವರ್ಷ ಅಲ್ಲೇ ಇದ್ದವು, ಅವಕ್ಕೆ ಸದ್ದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಮೊದಲು ಹಾಲು ನಿಂತಿತು, ಆಮೇಲೆ ಭಾನುವಾರದ ಕೋಳಿ. ಅವ್ವ ವಾರಕ್ಕೊಂದು ರಜೆ ಮಾಡುತ್ತಿದ್ದವಳು ಅದನ್ನೂ ಬಿಟ್ಟು ಜೀಪು ಹತ್ತಿದಳು. ಕೂಡಿಟ್ಟದ್ದು ಎಂದರೆ ಒಂದೇ, ನನ್ನ ಪೀಎಫ್.

ಅವ್ವ ಅದನ್ನು ಅರ್ಥ ಮಾಡಿಕೊಂಡ ಬಗೆ ಬೇರೆ. ಕಂಬಂ ಊರಿನಲ್ಲಿ ನಮ್ಮ ಕುಲದವರ ಒಂದು ತೊಳು ಇದೆ, ದೇವರ ದನಗಳ ದೊಡ್ಡಿ. ಹರಕೆ ಹೊತ್ತವರು ಮನೆಯಲ್ಲಿ ಹುಟ್ಟಿದ ಒಳ್ಳೆಯ ಕರುವನ್ನು ಅಲ್ಲಿಗೆ ಬಿಡುತ್ತಾರೆ. ಬಿಟ್ಟ ಮೇಲೆ ಅದರ ಹಾಲು ಕರೆಯುವಂತಿಲ್ಲ, ಅದನ್ನು ಮಾರುವಂತಿಲ್ಲ, ನೋಡಲು ಹೋದರೂ ಇದು ನಮ್ಮದು ಎಂದು ಬೆರಳು ತೋರಿಸುವಂತಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಂಬಳದಲ್ಲಿ ಒಂದು ಪಾಲು ತಿಂಗಳು ತಿಂಗಳು ಹಿಡಿಯುತ್ತಾರೆ, ಮುದುಕನಾದ ಮೇಲೆ ಕೊಡುತ್ತಾರೆ ಎಂದು ಹೇಳಿದಾಗ ಅವ್ವ, "ಓ, ತೊಳುವಿಗೆ ಬಿಟ್ಟಂಗೆ" ಎಂದಳು. ಅಲ್ಲಿಂದಾಚೆಗೆ ಒಂದು ದಿನವೂ ಎಷ್ಟಾಯಿತು ಎಂದು ಕೇಳಲಿಲ್ಲ. ಕೇಳಬಾರದು.

ಅದರ ಮುಂದಿನ ತಿಂಗಳು, ಪುರಟ್ಟಾಸಿಯಲ್ಲಿ, ನಿಲಕ್ಕೋಟ್ಟೈಯಿಂದ ಭಾವ ಬಂದರು. ಅಕ್ಕ ಪಾರ್ವತಿಯ ಗಂಡ, ಮುರುಗೇಸನ್, ಹೂವಿನ ಮಂಡಿಯಲ್ಲಿ ಕಮಿಷನ್ ವ್ಯಾಪಾರ. ಅವರ ಮಗಳು ಧನಮ್ ಎಂಟನೇ ತರಗತಿಯ ಹುಡುಗಿ, ಆಡಿಯಲ್ಲಿ ದೊಡ್ಡವಳಾಗಿದ್ದಳು. ಮನೆಮಟ್ಟಿಗೆ ನೀರು ಹಾಕುವ ಶಾಸ್ತ್ರ ಆಗಿತ್ತು. ಇನ್ನು ಊರಿಗೆಲ್ಲ ಹೇಳಿ ಮಂಟಪದಲ್ಲಿ ಮಾಡುವ ದೊಡ್ಡ ಕಾರ್ಯ ಸಂಕ್ರಾಂತಿಯ ತೈ ತಿಂಗಳಿಗೆ ಎಂದು ಮಾತಾಗಿತ್ತು. ಆ ಕಾರ್ಯಕ್ಕೆ ತಾಯಿಯ ತಮ್ಮ, ಅಂದರೆ ನಾನು, ಸೀರು ತರಬೇಕು. ಹಿಂದೆ ಸೀರು ಎಂದರೆ ಅರಿಸಿನ, ಒಂದು ಸೀರೆ, ತೆಂಗಿನಕಾಯಿ, ಬೆಲ್ಲ, ಮತ್ತು ಮಾಮನೇ ಸೊಪ್ಪು ಕಡಿದು ತಂದು ಹುಡುಗಿಯನ್ನು ಕೂರಿಸಲು ಕಟ್ಟುವ ಹಸಿರು ಗುಡಿಸಲು. ಈಗ ಅದು ಮೆರವಣಿಗೆ. ತಟ್ಟೆ ಹೊತ್ತವರ ಸಾಲು ಎಷ್ಟುದ್ದ, ತಟ್ಟೆಯಲ್ಲಿ ಚಿನ್ನ ಎಷ್ಟು, ಹಿಂದೆ ರಿಬ್ಬನ್ ಕಟ್ಟಿದ ಗಾಡಿ ಯಾವುದು, ಅದರ ಮೇಲೆ ಹೆತ್ತ ಮನೆಯ ಮರ್ಯಾದೆ.

ಭಾವ ಚಾಪೆಯ ಮೇಲೆ ಕುಳಿತು ವೀಳ್ಯ ಮಡಿಸುತ್ತ, ಭಾವಮೈದುನನಾದ ನನ್ನನ್ನು ಯಾವಾಗಲೂ ಕರೆಯುವಂತೆ ಮಾಪ್ಳೆ ಎಂದು ಕರೆದು ಹೇಳಿದರು: "ಮಾಪ್ಳೆ, ಮಂಡಿಯಾಗೆ ಎಲ್ರೂ ಕೇಳ್ತವ್ರೆ. ಪಟ್ಟದಾರಿ ತಾಯ್ಮಾಮನ್, ಡಿಗ್ರಿ ಓದಿದ ಸೋದರಮಾವ, ಏನು ತರ್ತಾನೆ ಅಂತ. ನಾ ಬಾಯಿ ಬಿಟ್ಟು ಏನೂ ಕೇಳಾಕಿಲ್ಲ. ಒಂದು ಚೈನು, ಒಂದು ಸ್ಕೂಟರು. ಎಣ್ಣುಮಗು ಇಸ್ಕೂಲಿಗೆ ಓಗಾಕೆ."

"ಮಿಲ್ಲು ಅರ್ಧ ಸಂಬಳ ಬಾವ" ಎಂದೆ.

"ಸಂಬಳ ಯಾರು ಕೇಳಿದ್ರು. ಪೀಎಫ್ ಅದೆ ಅಲ್ಲ. ಸುಮ್ನೆ ಕುಂತದೆ. ಕುಂತ ಕಾಸಿಗೆ ಒಂದು ಕಾಲು ಕೊಡು, ನಡೀಲಿ."

ಅಷ್ಟಕ್ಕೇ ಬಿಡಲಿಲ್ಲ. ಏಳುವಾಗ ನನ್ನ ಹೆಗಲು ತಟ್ಟಿ, "ಇಲ್ದಿದ್ರೆ ಐದಾರು ವರ್ಸ ತಡ್ಕೊ, ನೀನೇ ಕಟ್ಕೊ. ಸೀರೂ ಉಳೀತದೆ" ಎಂದು ನಕ್ಕರು. ನಮ್ಮಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ರೂಢಿಯಿದೆ, ಆ ತಮಾಷೆ ಎಲ್ಲರೂ ಆಡುತ್ತಾರೆ. ಎಂಟನೇ ತರಗತಿಯ ಹುಡುಗಿ, ನಾನು ಎತ್ತಿ ಆಡಿಸಿದ ಮಗು. ಅಂದಿನ ಊಟ ನನಗೆ ಸೇರಲಿಲ್ಲ.

ಹೆತ್ತ ಮನೆಯಿಂದ ಸೀರು ಬಾರದಿದ್ದರೆ ಪಾರ್ವತಿಯನ್ನು ಆ ಮನೆಯವರು ಏನೆನ್ನುತ್ತಾರೆ ಎಂಬುದು ಅವ್ವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಮಿಲ್ಲಿನಲ್ಲಿ ಕೆಲಸಗಾರರ ಲೆಕ್ಕ ನೋಡುವ ಪರ್ಸನಲ್ ಆಫೀಸರನ್ನು ಕೇಳಿದೆ. ಆತ ಕನ್ನಡಕದ ಮೇಲಿನಿಂದ ನೋಡಿ ತಮಿಳಿನಲ್ಲಿ, "ರಾಜೀನಾಮೆ ಬರೆದುಕೊಡು ತಂಬಿ, ಪೂರ್ತಿ ಬರುತ್ತದೆ. ಆಮೇಲೆ ಕಾಂಟ್ರಾಕ್ಟಿನಲ್ಲಿ ಬಾ, ಅದೇ ಕುರ್ಚಿ, ಅದೇ ಫ್ಯಾನು" ಎಂದ. ಆಗ ಸುಮಾರು ಜನ ಹಾಗೆ ಬರೆದುಕೊಟ್ಟಿದ್ದರು. ನನಗೆ ಹತ್ತು ವರ್ಷದ ಸರ್ವೀಸು ತುಂಬಲು ಕೆಲವೇ ತಿಂಗಳು ಬಾಕಿ. ತುಂಬಿದರೆ ಮುದಿತನದಲ್ಲಿ ಚಿಕ್ಕದೋ ದೊಡ್ಡದೋ ಒಂದು ಪೆನ್ಷನ್. ತುಂಬುವ ಮುಂಚೆ ಬಿಟ್ಟು ಎಲ್ಲವನ್ನೂ ತೆಗೆದರೆ ಅದೂ ಹೋಯಿತು. ಅವನಿಗದು ನನಗಿಂತ ಚೆನ್ನಾಗಿ ಗೊತ್ತು, ನಮ್ಮಂಥವರು ಎಷ್ಟು ಜನ ಹೋದರೆ ಮಿಲ್ಲಿಗೆ ಎಷ್ಟು ಉಳಿಯುತ್ತದೆಂದು ಗೊತ್ತಿದ್ದ ಹಾಗೆ. ಆಗುವುದಿಲ್ಲ ಸಾರ್ ಎಂದೆ. ಹಾಗಾದರೆ ಅಡ್ವಾನ್ಸ್ ತೆಗೆ, ಕಾರಣ ಹಾಕು ಎಂದ.

ಕಾರಣಗಳು ಫೋನಿನಲ್ಲಿ ತುಂಬುವ ಅರ್ಜಿಯಲ್ಲೇ ಇದ್ದವು, ಒಂದರ ಕೆಳಗೊಂದು. ಕಾಯಿಲೆ, ಮದುವೆ, ಮನೆ ಕಟ್ಟುವುದು, ಪ್ರಕೃತಿ ವಿಕೋಪ. ಮನೆಗೆ ಹಾಲು ನಿಂತಿದೆ ಎಂಬುದು ಆ ಸಾಲಿನಲ್ಲಿ ಇರಲಿಲ್ಲ. ಅಕ್ಕನ ಮಗಳಿಗೆ ಸ್ಕೂಟರು ಎಂಬುದಂತೂ ಇರುವಂತೆಯೇ ಇಲ್ಲ. ಒಬ್ಬ ಕ್ಲರ್ಕು ತನ್ನ ದುಡ್ಡನ್ನು ತಾನು ಕೇಳಲು ಮನೆಯಲ್ಲಿ ಯಾರನ್ನು ಮಲಗಿಸಲಿ ಎಂದು ಬೆರಳಾಡಿಸುತ್ತ ಕೂರಬೇಕಾದ ಗತಿ. ಕೆಮ್ಮಿನ ಕಫವನ್ನು ಕೈಯಲ್ಲಿ ಹಿಡಿದು ಕುಳಿತ ಹಾಗೆ ಇತ್ತು.

ಅವ್ವನಿಗೆ ಹೇಳಿದಾಗ ಅವಳು, "ಕಾಯ್ಲೆ ನನಗೆ ಬರಿ" ಎಂದಳು.

"ನಿನಗೇನಾಗಿದೆ?"

"ಆಗ್ಬೇಕಾ? ಬರಿ. ದೊಡ್ಡ ಕಾಯ್ಲೆ ಬರಿ ಮಲ್ಲಾ. ಸಣ್ಣದು ಬರಿಬ್ಯಾಡ, ಕಾಸು ಕಮ್ಮಿ ಕೊಟ್ಟುಬಿಟ್ಟಾರು."

"ತೊಳುವಿಗೆ ಬಿಟ್ಟದ್ದು ಅಂತಿದ್ದೆ."

"ಬಿಟ್ಟದ್ದೇ. ಸುಖದಾಗೆ ಇರೋರು ಕೇಳಿದ್ರೆ ಪಾಪ. ಸಾಯೋರು ಕೇಳಿದ್ರೆ ಸಾಮಿ ಏನು ಇಲ್ಲ ಅಂತದಾ."

ಬ್ಯಾಂಕಿನ ಖಾತೆ ಬದಲಾಗಿತ್ತು, ಹೊಸದನ್ನು ಮಿಲ್ಲಿನವರು ಒಪ್ಪಿದ ಮೇಲೆಯೇ ಅರ್ಜಿ ಕಳಿಸಬಹುದು. ಪರ್ಸನಲ್ ಆಫೀಸರು ನಾಳೆ ಬಾ, ನಾಳಿದ್ದು ಬಾ ಎನ್ನುತ್ತಿದ್ದ. ರಾಜೀನಾಮೆ ಬರೆಯುತ್ತೇನೇನೋ ಎಂದು ಕಾಯುತ್ತಿದ್ದ ಅಂತ ಕಾಣುತ್ತದೆ. ಅಷ್ಟರಲ್ಲಿ ದೀಪಾವಳಿಯ ತಿಂಗಳು ಐಪ್ಪಸಿಯ ಮಳೆ ಹಿಡಿಯಿತು. ಕೊಂಬೈಯ ಪಶ್ಚಿಮಕ್ಕೆ ಮಲೆ ಬೆಳಗ್ಗೆಯೇ ಕಾಣದಂತಾಗಿ, ಓಣಿಯಲ್ಲಿ ಕೆಂಪು ನೀರು. ಒಂದು ದಿನ ಮಿಲ್ಲಿನಿಂದ ಬಂದು ನೋಡಿದರೆ ಅವ್ವ ಕಂಬಳಿ ಹೊದ್ದು ಮಲಗಿದ್ದಾಳೆ. ಹೌಹಾರಿ ಹಣೆ ಮುಟ್ಟಿದೆ. ತಣ್ಣಗಿತ್ತು.

"ಬಾಗಿಲು ಮುಚ್ಚು" ಎಂದಳು. "ಆಪೀಸರು ಬಂದ್ರೆ?"

"ಯಾವ ಆಫೀಸರು?"

"ಪೀಎಫ್ ಆಪೀಸರು. ನಾ ಮಲೆಗೆ ಓಗಿದ್ದಾಗ ಬಂದು ನೋಡಿದ್ರೆ, ಎಲ್ಲಿ ನಿಮ್ಮವ್ವ ಅಂದ್ರೆ, ಏನ್ ಯೋಳ್ತೀಯಾ?"

ಯಾರೂ ಬರುವುದಿಲ್ಲ, ಎಲ್ಲ ಫೋನಿನಲ್ಲೇ ಮುಗಿಯುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಮುದಿಯೋರ ಪೆನ್ಸನ್ನು, ಅದು ಎಷ್ಟು ಕಾಸು, ಅದಕ್ಕೇ ತಾಲೂಕಾಪೀಸಿನೋನು ಬಂದು ಬದುಕಿದ್ದೀಯಾ ಅಂತ ಮೂಗು ನೋಡಿ ಓದ. ಇಷ್ಟು ಕಾಸು ಸುಮ್ನೆ ಕೊಡ್ತಾರಾ? ಓದಿದೋನು ನೀನು, ಸರ್ಕಾರ ಕಂಡೋಳು ನಾನು." ನಾನೇ ಎದ್ದು ಬಾಗಿಲು ಮುಚ್ಚಿದೆ. ಒಂದೇ ಒಂದು ಮಾತಿಗೆ ನನ್ನಿಂದ ಆಣೆ ಮಾಡಿಸಿಕೊಂಡಳು, ಪಾರ್ವತಿಗೆ ಇದು ನಾಟಕ ಎಂದು ಗೊತ್ತಾಗಬಾರದು. ಸುಳ್ಳು ಹೇಳಿ ತಂದ ಸೀರು ಎಂದು ಆ ಮನೆಯಲ್ಲಿ ಬಾಯಿ ತಪ್ಪಿ ಆಡಿದರೆ ಅವಳನ್ನು ಬಾಳಿಸುವುದಿಲ್ಲ ಎಂದು.

ಹೀಗೆ ಅವ್ವ ಮಲಗಿದಳು. ಜೀಪು ತಪ್ಪಿತು, ಕೂಲಿ ತಪ್ಪಿತು. ಮನೆಯಲ್ಲಿ ಇನ್ನೂ ಕಷ್ಟವಾಯಿತು, ಕಷ್ಟಕ್ಕೆ ತೆಗೆಯುವ ದುಡ್ಡಿಗೋಸ್ಕರ. ಜೀಪಿನ ಜೊತೆಗಾತಿ ಕೆಂಚಮ್ಮ ಮೊದಲು ಬಂದು ನೋಡಿ ಹೋದಳು. ಕೆಂಚಮ್ಮ ನೋಡಿದರೆ ಓಣಿ ನೋಡಿದ ಹಾಗೆ. ಮಾರನೆಯ ದಿನದಿಂದ ಜನ ಬರತೊಡಗಿದರು. ಬ್ರೆಡ್ಡು, ಹಾರ್ಲಿಕ್ಸು, ಕಿತ್ತಳೆ. ಒದ್ದೆ ಛತ್ರಿಗಳು ಬಾಗಿಲಲ್ಲಿ ಸಾಲಾಗಿ ನೀರು ಬಿಟ್ಟವು. ಬಂದವರು ಕಾಯಿಲೆಯ ಹೆಸರು ಕೇಳಿದರು. ನಾನು ಹೊಟ್ಟೆಯಲ್ಲಿ ಏನೋ ಎಂದೆ. ಅದು ಸಾಕಾಯಿತು, ಒಬ್ಬಳು ಗಡ್ಡೆ ಎಂದಳು, ಇನ್ನೊಬ್ಬಳು ತನ್ನ ಓರಗಿತ್ತಿಗೂ ಹೀಗೇ ಶುರುವಾಗಿ ಮೂರು ತಿಂಗಳೂ ಇರಲಿಲ್ಲ ಎಂದಳು, ಅವ್ವನ ತಲೆಯ ಹತ್ತಿರವೇ ಕುಳಿತು. ಎಲ್ಲರೂ ಹೋದ ಮೇಲೆ ಅವ್ವ ಎದ್ದು ಕೂತು ಬ್ರೆಡ್ಡನ್ನು ಟೀಯಲ್ಲಿ ಅದ್ದಿ ತಿನ್ನುತ್ತ, "ಆ ಸಿರುಕ್ಕಿ ಮುಂಡೆ ನನ್ನ ಕಿವಿ ಓಲೆಯನ್ನೇ ನೋಡ್ತಿದ್ಲು, ಕಂಡ್ಯಾ?" ಎನ್ನುತ್ತಿದ್ದಳು. ಮೊದಮೊದಲು ಇಬ್ಬರೂ ನಕ್ಕೆವು. ಆಮೇಲೆ ಆಮೇಲೆ ನನಗೆ ಆ ಬ್ರೆಡ್ಡಿನ ಹುಳಿ ವಾಸನೆ ಬಂದರೇ ಬೇಡವಾಯಿತು. ಕಾಯಿಲೆಯವರನ್ನು ನೋಡಲು ಬರುವವರಲ್ಲಿ ನೋಡಲು ಬರುವವರು ಎಷ್ಟು ಕಡಿಮೆ ಎಂದು ನನಗೆ ತಿಳಿದದ್ದು ಆ ಮಳೆಯಲ್ಲಿ. ಮನೆಯ ಜಾಗ ಯಾರ ಹೆಸರಿನಲ್ಲಿದೆ ಎಂದು ಒಬ್ಬರು ಕೇಳಿದರು, ಗೋಡೆ ಮುಟ್ಟಿ ನೋಡುತ್ತ.

ಐಪ್ಪಸಿ ಕಳೆದು ಕಾರ್ತಿಗೈ ಹುಟ್ಟಿದ ಮೇಲೆ ಅಕ್ಕನೂ ಭಾವನೂ ಬಂದರು. ಯಾರೋ ಅವರಿಗೆ, ಮುದುಕಿಗೆ ಆಗಲೋ ಈಗಲೋ ಎಂದು ಹೇಳಿದ್ದರಂತೆ. ಅಕ್ಕ ಬಾಗಿಲಿಂದಲೇ ಅಳುತ್ತ ಬಂದು ಅವ್ವನ ಕಾಲು ಹಿಡಿದಳು. ಅವ್ವ ಕಣ್ಣು ಮುಚ್ಚಿದ್ದಳು. ಆಣೆಯೂ ಬೇಡ ಏನೂ ಬೇಡ, ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅಕ್ಕ ಕಣ್ಣೊರೆಸಿಕೊಂಡು ಎದ್ದು ನನ್ನನ್ನು ಜಗಲಿಗೆ ಕರೆದಳು. ಭಾವ ಆಗಲೇ ಅಲ್ಲಿ ಕುಳಿತಿದ್ದರು. ಜಗಲಿಗೂ ಒಳಮನೆಗೂ ನಡುವೆ ಇರುವುದು ಒಂದು ಹಳೆಯ ಸೀರೆಯ ಪರದೆ.

"ಡಾಕ್ಟ್ರು ಏನಂದ್ರು?" ಅಕ್ಕ ಕೇಳಿದಳು.

"ಸರಿಹೋಗ್ತಾಳೆ."

"ನನ್ನ ಹತ್ರ ಮುಚ್ಚಬ್ಯಾಡ ತಮ್ಮಾ. ತೈ ಮಾಸದ ಗಂಟ ತಡೀತಾಳಾ?"

ಏನು ಕೇಳುತ್ತಿದ್ದಾಳೆ ಎಂದು ನನಗೆ ಕೂಡಲೇ ಹೊಳೆಯಲಿಲ್ಲ. ಭಾವ ಬಿಡಿಸಿ ಹೇಳಿದರು. "ತಪ್ಪಾಗಿ ನೆನೆಸ್ಬ್ಯಾಡ ಮಾಪ್ಳೆ. ಏನಾರ ಆಗೋಯ್ತು ಅಂದ್ರೆ ಒಂದು ವರ್ಸ ಕಾರ್ಯ ಇಲ್ಲ. ವರ್ಸ ಕಳೆದು ಎಣ್ಣುಮಗಳಿಗೆ ನೀರು ಆಕಿದ್ರೆ ಊರು ನಗ್ತದೆ. ತೈಗೆ ಮುಂಚೆ ಬರೋ ಮಾರ್ಗಳಿ ಕಾರ್ಯಕ್ಕೆ ಆಗಾಕಿಲ್ಲ. ಅದಕ್ಕೇ ಈ ಕಾರ್ತಿಗೈ ಕಡೇ ಮುಹೂರ್ತಕ್ಕೆ ಮುಗಿಸಿಬಿಟ್ರೆ, ಆಮೇಲೆ ಅತ್ತೆ ನೆಮ್ಮದಿಯಾಗಿ..." ಅಲ್ಲಿಗೆ ನಿಲ್ಲಿಸಿ ಅಂಗೈಯನ್ನು ಮೇಲಕ್ಕೆ ಮಾಡಿ ತೋರಿಸಿದರು, ಹಕ್ಕಿ ಹಾರಿಸುವ ಹಾಗೆ.

"ಅಲ್ಲಿಗಂಟ ಒಂದು ಇಂಜೆಕ್ಸನ್ನೋ ಗಿಂಜೆಕ್ಸನ್ನೋ ಆಕಿಸಿ ಇಟ್ಕೊಂಡಿರು" ಎಂದಳು ಅಕ್ಕ.

ಇಟ್ಟುಕೊಂಡಿರು. ಬಾಡಿಗೆಗೆ ತಂದ ಪಾತ್ರೆಯನ್ನು ಹೇಳುವ ಹಾಗೆ. ನಾನು ಅವಳ ಮುಖ ನೋಡಿದೆ. ಅತ್ತ ಕಣ್ಣು ಇನ್ನೂ ಕೆಂಪಗೇ ಇತ್ತು. ಅದು ಸುಳ್ಳು ಅಳುವಲ್ಲ. ಅದೇ ನನಗೆ ಹೇಸಿಗೆ ಹುಟ್ಟಿಸಿದ್ದು, ಒಂದೇ ಬಾಯಲ್ಲಿ ಎರಡೂ ನಿಜವಾಗಿ ಇದ್ದದ್ದು.

"ನಿನ್ನವ್ವ ಅಕ್ಕ, ಅವಳು" ಎಂದೆ.

"ನನ್ನವ್ವ ಅಲ್ಲ ಅಂದ್ನಾ? ಓದ್ರೆ ನಾ ಅಳ್ದೆ ಇರ್ತೀನಾ? ಅದು ಬ್ಯಾರೆ, ಇದು ಬ್ಯಾರೆ. ನಿನಗೆ ಎಣ್ಣುಮಗು ಇಲ್ಲ, ನಿನಗೆ ಗೊತ್ತಾಗಾಕಿಲ್ಲ."

ಪರದೆ ಸರಿಯಿತು. ಅವ್ವ ನಿಂತಿದ್ದಳು. ಜಡೆ ಸುತ್ತಿ ಗಂಟು ಹಾಕಿಕೊಳ್ಳುತ್ತ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಭಾವ ಕುಳಿತಲ್ಲಿಂದ ಎದ್ದೇಬಿಟ್ಟರು. ಅಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು.

"ಕಾಪಿ ಕಾಸ್ತೀನಿ" ಎಂದಳು ಅವ್ವ. "ಕುಡಿದು ಓಗಿ. ಮಳೆಯಾಗೆ ಬಂದೀರಿ."

"ಅತ್ತೆ, ಎದ್ದೀರಾ..." ಎಂದರು ಭಾವ.

"ಮಲಗಿದ್ದು ಸಾಕಾಯ್ತು ಮಾಪಿಳ್ಳೈ" ಎಂದಳು ಅಳಿಯನಿಗೆ.

ಎಲ್ಲರೂ ಕಾಫಿ ಕುಡಿದೆವು. ಕಾಫಿಯಲ್ಲಿ ಹಾಲಿರಲಿಲ್ಲ. ಅವ್ವ ಧನಮ್ ಹೇಗೆ ಓದುತ್ತಾಳೆ, ಮಲ್ಲಿಗೆ ರೇಟು ಏನು ಎಂದೆಲ್ಲ ಕೇಳಿದಳು. ಕೊನೆಗೆ, "ಇನ್ನೇನು, ನಾ ಎದ್ದೆ. ತೈಗೇ ಇಟ್ಕೊಳ್ರಿ ಕಾರ್ಯ" ಎಂದಳು. ಅಕ್ಕ ಗಂಡನ ಮುಖ ನೋಡಿದಳು. ಭಾವ ಲೋಟ ಕೆಳಗಿಟ್ಟು, "ಮಂಟಪಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ ಅತ್ತೆ. ಕಾರ್ತಿಗೈಗೆ" ಎಂದರು. ಯಾವಾಗ ಕೊಟ್ಟಿರಿ ಎಂದು ನಾನು ಕೇಳಿದೆ. ಮೊನ್ನೆ ಎಂದರು. ಅಂದರೆ ಇಲ್ಲಿಗೆ ಬಂದು ಅವಳನ್ನು ನೋಡುವ ಮುಂಚೆ. ಫ್ಲೆಕ್ಸಿನವನಿಗೂ ಹೇಳಿ ಆಗಿತ್ತು. ಫೋನು ತೆಗೆದು ತೋರಿಸಿದರು. ಪದವಿ ಪ್ರದಾನದ ದಿನ ಸ್ಟುಡಿಯೋದಲ್ಲಿ ತೆಗೆಸಿದ ನನ್ನ ಫೋಟೋ, ಅಕ್ಕನ ಮನೆಯ ಗೋಡೆಯಿಂದ ಎತ್ತಿಕೊಂಡದ್ದು, ಸಿಂಹಗಳ ನಡುವೆ, ಕೆಳಗೆ ಬಂಗಾರದ ಅಕ್ಷರದಲ್ಲಿ 'ಪಟ್ಟದಾರಿ ತಾಯ್ಮಾಮನ್'. ಆ ಫೋಟೋ ತೆಗೆಸಿದ ದಿನ ಬಾಡಿಗೆ ನಿಲುವಂಗಿಗೆ ಅವ್ವ ಮಲೆಯ ಕೂಲಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಿದ್ದಳು.

ಅವರು ಹೋದ ಮೇಲೆ ಅವ್ವ ಕಂಬಳಿ ಮಡಿಸಿ ಮೂಲೆಗಿಟ್ಟಳು. ಹಾರ್ಲಿಕ್ಸ್ ಬಾಟಲಿಗಳನ್ನು ಓಣಿಯ ಮಕ್ಕಳಿಗೆ ಕೊಟ್ಟುಬಿಟ್ಟಳು. "ಆ ಕಾಸ ಮುಟ್ಬ್ಯಾಡ ಮಲ್ಲಾ" ಎಂದಳು, ಅಷ್ಟೇ. ಅರ್ಜಿ ಇನ್ನೂ ಹೋಗಿರಲಿಲ್ಲ. ಪರ್ಸನಲ್ ಆಫೀಸರ ಮುಂದೆ ನಿಲ್ಲುವ ಕೆಲಸ ತಪ್ಪಿತು. ಆತ ತನ್ನ ಜೀವಮಾನದಲ್ಲಿ ನನಗೆ ಮಾಡಿದ ಉಪಕಾರ ಆ ನಾಳೆ ಬಾ ಒಂದೇ.

ಮಾರನೆಯ ಬೆಳಗ್ಗೆ ಅವಳನ್ನು ಜೀಪು ಹತ್ತಿಸಲು ಹೋದೆ. ಒಳಗಿದ್ದ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ನೋಡಿದರು. ಕೆಂಚಮ್ಮನೇ ಮೊದಲು ಬಾಯಿ ಬಿಟ್ಟಳು. "ಏನ್ ಬೊಮ್ಮಕ್ಕಾ, ಎಮನ ಜೀಪಾಗೆ ಜಾಗ ಇಲ್ಲ ಅಂದ್ನಾ?"

"ನಿಂತ್ಕೊಂಡು ಬಾ ಅಂದ. ನಿನ್ನ ಜೀಪಾಗೆ ಕೂರಾಕೆ ನಿನ್ನ ಮಡಿಲಾದ್ರೂ ಅದೆ. ಸರಿ ಅತ್ಲಾಗೆ."

ಜೀಪು ತುಂಬ ನಗು. ಆ ನಗುವಿನಲ್ಲಿ ಅವ್ವ ಸೇರಲಿಲ್ಲ. ತಲೆಗೆ ಟವಲು ಸುತ್ತಿಕೊಂಡು ಮಲೆಯ ಕಡೆ ನೋಡುತ್ತ ಕುಳಿತಳು.

ಕಾರ್ಯಕ್ಕೆ ಹೋದೆವು. ಹೋಗದೆ ಇರುವಂತಿರಲಿಲ್ಲ, ಮಾಮ ಇಲ್ಲದೆ ಹುಡುಗಿಗೆ ನೀರು ಹಾಕುವಂತಿಲ್ಲ. ಒಂದು ಸೀರೆ, ಅರಿಸಿನ, ತೆಂಗಿನಕಾಯಿ, ಬೆಲ್ಲ ತೆಗೆದುಕೊಂಡೆವು. ಹಿಂದಿನ ದಿನ ನಾನೇ ಹೊಂಗೆಸೊಪ್ಪು ಕಡಿದು ಕಟ್ಟು ಮಾಡಿ ಬಸ್ಸಿನ ಮೇಲೆ ಹಾಕಿಸಿದ್ದೆ. ನಿಲಕ್ಕೋಟ್ಟೈಯಲ್ಲಿ ಇಳಿದದ್ದೇ ಮೊದಲು ಕಂಡದ್ದು ನಾನು. ಬಸ್ ನಿಲ್ದಾಣದ ಮೂಲೆಯಲ್ಲಿ, ಹೂವಿನ ಮಂಡಿಯ ಬಾಗಿಲಲ್ಲಿ, ಮಂಟಪದ ದಾರಿಯುದ್ದಕ್ಕೂ ನಿಲುವಂಗಿ ತೊಟ್ಟು ನಗುತ್ತಿದ್ದೆ. ಫ್ಲೆಕ್ಸುಗಳನ್ನು ಆಗ ತಾನೇ ಕಟ್ಟಿದ್ದರು, ಆ ಬಣ್ಣದ ವಾಸನೆ ಇನ್ನೂ ಹಸಿಯಾಗಿತ್ತು. ಪಕ್ಕದಲ್ಲಿ ಧನಮ್ ಮುಖ, ಬಣ್ಣ ಬಳಿದು ಮದುಮಗಳ ಹಾಗೆ ಮಾಡಿದ್ದು. ಹುಡುಗಿ ನನ್ನನ್ನು ಕಂಡವಳೇ ಹತ್ತಿರ ಬಂದು ತಮಿಳಿನಲ್ಲಿ ಮೆಲ್ಲಗೆ, "ಮಾಮ, ಆ ಬೋರ್ಡನ್ನು ಸ್ಕೂಲ್ ಗೇಟ್ ಮುಂದೆ ಯಾಕೆ ಕಟ್ಟಿದರು?" ಎಂದಳು. ನಾನೇ ಹೋಗಿ ಬಿಚ್ಚಿ ತರುತ್ತೇನೆ ಎಂದೆ. ಭಾವನ ಕಡೆಯ ಹುಡುಗರು ಬಿಡಲಿಲ್ಲ.

ವೇದಿಕೆಯಲ್ಲಿ ಥರ್ಮೋಕೋಲಿನ ನವಿಲಿತ್ತು. ನನ್ನ ಹೊಂಗೆಸೊಪ್ಪಿನ ಗುಡಿಸಲಿಗೆ ಅಲ್ಲಿ ಜಾಗವಿರಲಿಲ್ಲ, ಹಿಂದೆ ಪಾತ್ರೆ ತೊಳೆಯುವ ಕಡೆ ಕಟ್ಟು ಎಂದರು. ಕಟ್ಟಿದೆ. ಶಾಸ್ತ್ರಕ್ಕೆಂದು ಹುಡುಗಿಯನ್ನು ಒಂದು ಗಳಿಗೆ ಅಲ್ಲಿ ಕೂರಿಸಿ ಎಬ್ಬಿಸಿದರು. ಆಮೇಲೆ ಮೈಕಿನವನು ಸೀರಿನ ಪಟ್ಟಿ ಓದಿದ. ಸೀರೆ, ಅರಿಸಿನ, ಬೆಲ್ಲ ಎಲ್ಲವನ್ನೂ ಒಂದೇ ಉಸಿರಿಗೆ ನುಂಗಿ, ಉಸಿರೆಳೆದುಕೊಂಡು, "ತಾಯ್ಮಾಮನ್ ಅವರ ಕಡೆಯಿಂದ ಸ್ಕೂಟರ್" ಎಂದ. ಮಂಟಪದ ಬಾಗಿಲಲ್ಲಿ ರಿಬ್ಬನ್ ಕಟ್ಟಿದ ಸ್ಕೂಟರು ನಿಂತಿತ್ತು. ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಭಾವ ನನ್ನ ಕಿವಿಯ ಹತ್ತಿರ ಬಂದು, "ಕಂತಿನಾಗೆ ಎತ್ತಿದೀನಿ ಮಾಪ್ಳೆ. ಮರ್ಯಾದೆ ನಿನ್ನದು. ಕಾಸು ಮೆಲ್ಲಗೆ ಕೊಡು, ಅವಸರ ಇಲ್ಲ" ಎಂದರು. ಬಾಯಲ್ಲಿ ಪಾಯಸವಿತ್ತು. ಉಗುಳಲು ಆಗದೆ ನುಂಗಿದೆ.

ಅದೂ ಮುಗಿದ ಮೇಲೆ ಭಾವ ತಾವೇ ಮೈಕು ಹಿಡಿದರು. ಸಾವಿನ ಬಾಗಿಲಿಗೆ ಹೋಗಿದ್ದ ತಮ್ಮ ಅತ್ತೆ, ಮೊಮ್ಮಗಳ ಕಾರ್ಯಕ್ಕೆ ದಿನ ಇಟ್ಟ ಗಳಿಗೆಯಲ್ಲೇ ಎದ್ದು ಕೂತರು, ಈ ಹುಡುಗಿಯ ಕಾಲ್ಗುಣ ಅಂಥದ್ದು ಎಂದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವ್ವನ ಕಡೆ ಕ್ಯಾಮೆರಾ ತಿರುಗಿತು, ಬಿಳಿ ಬೆಳಕು ಮುಖಕ್ಕೆ ಬಿತ್ತು. ನಾಕಾರು ಹೆಂಗಸರು ಬಂದು ಅವಳ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಕ್ಕ ವೇದಿಕೆಯಿಂದ ಇಳಿದು ಬಂದು ಕಾಲಿಗೆ ಬಿದ್ದಳು, ಫೋಟೋದವನು ಇನ್ನೊಂದು ಸಲ ಬೀಳಿ ಎಂದ, ಇನ್ನೊಂದು ಸಲ ಬಿದ್ದಳು. ಅವ್ವ ಎರಡು ಸಲವೂ ತಲೆಯ ಮೇಲೆ ಕೈ ಇಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕುಳಿತಳು. ತೇನಿ ದಾಟಿತು, ಚಿನ್ನಮನೂರು ದಾಟಿತು. ಗದ್ದೆಗಳಲ್ಲಿ ನೀರು ನಿಂತು ಮೋಡ ಕಾಣುತ್ತಿತ್ತು. ಆಮೇಲೆ, ಯಾವುದೋ ಸಾಮಾನು ತರಲು ಹೇಳುವ ದನಿಯಲ್ಲಿ ಹೇಳಿದಳು: "ನಾ ನಿಜವಾಗಿ ಬಿದ್ದಾಗ ಪಾರೂಗೆ ಯೋಳ್ಬ್ಯಾಡ. ಅವಳ ಕಡೆ ಏನಾರ ಕಾರ್ಯ ಇದ್ರೆ ಅದೆಲ್ಲ ಮುಗೀಲಿ. ಆಮೇಲೆ ಯೋಳು."

ಹಾಗೆಲ್ಲ ಮಾತಾಡಬೇಡ ಎಂದೆ. "ಸರಿ ಅನ್ನು" ಎಂದಳು. ಸರಿ ಎಂದೆ.

ಮಿಲ್ಲು ತೈ ಕಳೆದು ಮಾಸಿಯ ಹೊತ್ತಿಗೆ ಚೇತರಿಸಿಕೊಂಡಿತು, ಮೂರೂ ಪಾಳಿ ಓಡಿತು. ರಾಜೀನಾಮೆ ಬರೆದುಕೊಟ್ಟವರು ಕಾಂಟ್ರಾಕ್ಟಿನಲ್ಲಿ ಬಂದು ಅದೇ ಫ್ಯಾನಿನ ಕೆಳಗೆ ಮುಕ್ಕಾಲು ಸಂಬಳಕ್ಕೆ ಕುಳಿತರು. ನನ್ನ ಹತ್ತು ವರ್ಷ ತುಂಬಿತು. ಸ್ಕೂಟರಿನ ಕಂತು ನಾನು ಕಟ್ಟಲಿಲ್ಲ, ಭಾವ ಅದನ್ನು ಇಂದಿಗೂ ಎಲ್ಲ ಕಾರ್ಯಗಳಲ್ಲೂ ಹೇಳುತ್ತಾರೆ, ಸ್ಕೂಟರಿನಲ್ಲಿ ಮಂಡಿಗೆ ಹೂವು ಸಾಗಿಸುತ್ತಲೇ. ಪೀಎಫ್ ಇಟ್ಟಲ್ಲೇ ಇದೆ. ಅಕ್ಕ ಪ್ರತಿ ಶುಕ್ರವಾರ ಅವ್ವನಿಗೆ ಫೋನು ಮಾಡುತ್ತಾಳೆ, ಮೈ ಹೇಗಿದೆ ಎಂದು ತಪ್ಪದೆ ಕೇಳುತ್ತಾಳೆ. ಅದು ಸುಳ್ಳು ಕಾಳಜಿ ಎಂದು ನಾನು ಹೇಳುವುದಿಲ್ಲ.

ಹೋದ ವರ್ಷ ಐಪ್ಪಸಿಯಲ್ಲಿ ಅವ್ವನಿಗೆ ಡೆಂಗಿ ಬಂತು. ತೇನಿಯ ದೊಡ್ಡಾಸ್ಪತ್ರೆಯಲ್ಲಿ ಸೇರಿಸಿದೆ. ರಕ್ತದ ಪ್ಲೇಟ್‌ಲೆಟ್ ಇಳಿಯುತ್ತ ಹೋಗಿ, ಡಾಕ್ಟರು ಮನೆಯವರು ಯಾರಾದರೂ ಇದ್ದರೆ ಕರೆಸಿಕೊಳ್ಳಿ ಎಂದರು. ನಾನೇ ಮನೆಯವನು ಎಂದೆ. ಆಗ ಧನಮ್‌ಗೆ ಹನ್ನೆರಡನೇ ತರಗತಿಯೂ ಮುಗಿದಿರಲಿಲ್ಲ, ಆದರೂ ಅಕ್ಕನ ಮನೆಯಲ್ಲಿ ಅವಳಿಗೆ ಗಂಡು ನೋಡುವ ಮಾತು ಶುರುವಾಗಿತ್ತು. ಎರಡು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಶುಕ್ರವಾರ ಅದೇ ಬಡಿದುಕೊಂಡಿತು, ಅಕ್ಕನದು. ಅವ್ವ ಕೈ ಚಾಚಿದಳು. ಇನ್ನೊಂದು ಕೈಗೆ ಗ್ಲೂಕೋಸ್ ಹೋಗುತ್ತಿತ್ತು. ಗಂಟಲು ಸರಿಮಾಡಿಕೊಂಡಳು.

"ಆಂ, ಪಾರೂ. ಚೆನ್ನಾಗಿವ್ನಿ. ನನಗೇನು. ಮಲೆಯಾಗೆ ಮಳೆ, ಏಲಕ್ಕಿ ಚೆನ್ನಾಗಿ ಬಿಟ್ಟದೆ. ದನಿಯಾ? ಚಳಿ, ಅದಕ್ಕೆ. ಮಗು ಎಂಗವ್ಳೆ? ಸರಿ ಸರಿ."

ನರ್ಸು ಸಿರಿಂಜು ಹಿಡಿದು ಬಂದು ಹಾಸಿಗೆಯ ಹತ್ತಿರ ನಿಂತು, "ಬೊಮ್ಮಕ್ಕ" ಎಂದು ಗಟ್ಟಿಯಾಗಿ ಹೆಸರು ಕೂಗಿದಳು. ಅವ್ವ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಕರೀತವ್ರೆ ಕಣವ್ವ, ಜೀಪು ಬಂತು. ಇಡ್ತೀನಿ" ಎಂದು ಫೋನನ್ನು ನನ್ನ ಕೈಗೆ ಕೊಟ್ಟು, ನರ್ಸಿಗೆ ತೋಳು ಚಾಚಿದಳು.